ಸಡಿಲ ಬುಶ್, ಬಿಗಿ ಬುಶ್, ಬೆರಳಿನ ಬುಶ್: ತೀರ್ಥಹಳ್ಳಿಯ ಮಳೆಯಲ್ಲಿ ಕಂಡದ್ದು

ನಮ್ಮ ಮನೆಯಲ್ಲಿ ತೋಟ ಕಾಯುವ ಒಂಟಿ ನಳಿಗೆಯ ಕೋವಿಯ ಜೊತೆಗೆ ಅಜ್ಜನ ಕಾಲದ .45 ಕೋಲ್ಟ್ ಪಿಸ್ತೂಲೂ ಇದೆ. ಪರವಾನಗಿ ಅಪ್ಪನಿಂದ ನನಗೆ ಬಂತು. 1911ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ, ಜಾನ್ ಬ್ರೌನಿಂಗ್ ರೂಪಿಸಿದ ಮಾದರಿ ಅದು. ಸೇನೆಯಲ್ಲಿದ್ದಷ್ಟು ಕಾಲ ಬೇರೆ ಪಿಸ್ತೂಲು ಹಿಡಿದಿದ್ದ ನಾನು, ನಿವೃತ್ತನಾಗಿ ತೋಟಕ್ಕೆ ಮರಳಿದ ಮೇಲೆ ಇದನ್ನು ಬಿಚ್ಚಿ ನೋಡಿದೆ. ನಳಿಗೆಯ ತುದಿಯಲ್ಲಿದ್ದ ಬಳೆಯಂಥ ಬುಶ್ ಬೆರಳಲ್ಲಿ ಒತ್ತಿದರೆ ಗಲಗಲ ಅಲುಗಾಡುತ್ತಿತ್ತು. ಅದನ್ನು ಬದಲಿಸಬೇಕೇ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

ಪಂಪ್‌ಸೆಟ್ಟಿನ ಬುಶ್ ಸವೆದರೆ ಏನಾಗುತ್ತದೆಂದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಪಿಸ್ತೂಲಿನ ಬುಶ್‌ನ ಕೆಲಸ ಅದಕ್ಕಿಂತ ಕಷ್ಟದ್ದು. ಗುರಿ ನೋಡುವ ಕಣ್ಣು, ಮೊನೆ ಎರಡೂ ಸ್ಲೈಡ್‌ನ, ಅಂದರೆ ನಳಿಗೆಯನ್ನು ಮುಚ್ಚಿಕೊಂಡು ಹಿಂದೆ ಮುಂದೆ ಸರಿಯುವ ಉಕ್ಕಿನ ಕವಚದ, ಮೇಲಿರುತ್ತವೆ, ಗುಂಡು ಹೊರಡುವುದು ಮಾತ್ರ ನಳಿಗೆಯಿಂದ. ಆದ್ದರಿಂದ ಪ್ರತಿ ಸಲ ಸ್ಲೈಡ್ ಮುಚ್ಚಿದಾಗಲೂ ನಳಿಗೆಯ ತುದಿ ಅದೇ ಜಾಗಕ್ಕೆ ಬಂದು ಕೂರಬೇಕು. ಗುಂಡು ಹಾರಿದಾಗ ನಳಿಗೆ ಸ್ಲೈಡ್‌ನ ಜೊತೆಯಲ್ಲೇ ಸ್ವಲ್ಪ ಹಿಂದೆ ಸರಿಯುತ್ತದೆ. ಆಮೇಲೆ ಅಡಿಯಲ್ಲಿರುವ ಸಣ್ಣ ಲಿಂಕ್ ಅದರ ಹಿಂಭಾಗವನ್ನು ಕೆಳಕ್ಕೆ ಎಳೆದು ಸ್ಲೈಡ್‌ನಿಂದ ಬಿಡಿಸುತ್ತದೆ. ಹಿಂದೆ ತಗ್ಗಿದ ನಳಿಗೆ ಬುಶ್‌ನೊಳಗೆ ಓರೆಯಾಗುತ್ತದೆ. ಮುಚ್ಚಿದಾಗ ಬಿಗಿಯಾಗಿ ಹಿಡಿಯಬೇಕು, ತೆರೆಯುವಾಗ ಓರೆಯಾಗಲು ಬಿಡಬೇಕು. ಒಂದೇ ಬಳೆ ಈ ಎರಡನ್ನೂ ಮಾಡಬೇಕು. ಇದರ ಮೇಲೆ, ನಳಿಗೆಯ ಕೆಳಗಿರುವ ಸ್ಪ್ರಿಂಗ್‌ನ ಮುಚ್ಚಳವನ್ನು ತಡೆದು ನಿಲ್ಲಿಸುವುದೂ ಇದೇ ಬುಶ್.

ಮೊದಲು ಹಳೆಯ ಸಡಿಲ ಬುಶ್‌ನಲ್ಲೇ ಪರೀಕ್ಷೆ ಮಾಡಿದೆ. ನಮಗೆ ಸಿಗುವ ಗುಂಡುಗಳು ಲೆಕ್ಕದವು, ಹಾಗಾಗಿ ಒಂದೊಂದು ಸಲಕ್ಕೆ ಹತ್ತು ಮಾತ್ರ. ತರಬೇತಿ ಮೈದಾನದಲ್ಲಿ ಮರಳಿನ ಚೀಲದ ಮೇಲೆ ಕೈಯೂರಿ 25 ಮೀಟರ್‌ನಿಂದ ಹೊಡೆದರೆ ತೂತುಗಳು ಎರಡು ಅಂಗೈ ಅಗಲಕ್ಕೆ ಹರಡಿದವು. ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. ಬಿಚ್ಚುವುದಕ್ಕೆ ಕೈಬೆರಳು ಸಾಕು, ಆದರೆ ಬುಶ್ ತಿರುಗಿಸುವಾಗ ಹೆಬ್ಬೆರಳು ಜಾರಬಾರದು. ಜಾರಿದರೆ ಸ್ಪ್ರಿಂಗ್ ಮುಚ್ಚಳವನ್ನು ಜಂತಿಯವರೆಗೂ ಹಾರಿಸುತ್ತದೆ.

ಎರಡನೆಯದು ಸ್ಪರ್ಧೆಯವರು ಮೆಚ್ಚುವ ಬಿಗಿ ಬುಶ್. ಪರವಾನಗಿ ಇರುವ ದುರಸ್ತಿಗಾರರೊಬ್ಬರು ಅದನ್ನು ನನ್ನ ಪಿಸ್ತೂಲಿಗೆ ಹೊಂದಿಸಿಕೊಟ್ಟರು. ಹರಡಿದ್ದ ತೂತುಗಳು ಒಂದೇ ಅಂಗೈಯೊಳಗೆ ಬಂದವು. ಆ ಸಂಜೆ ನನಗಾದ ಸಂತೋಷ ಸಣ್ಣದಲ್ಲ. ಅಜ್ಜನ ಪಿಸ್ತೂಲು ಇಷ್ಟು ನೇರ ಹೊಡೆಯಬಲ್ಲದೆಂದು ನಾನು ನಂಬಿರಲೇ ಇಲ್ಲ. ಅದನ್ನು ಕಳಚಲು ಮಾತ್ರ ಪ್ರತ್ಯೇಕ ಸ್ಪ್ಯಾನರ್ ಬೇಕಾಯಿತು.

ಮುಂದಿನ ಪುನರ್ವಸು ಮಳೆ ಬೇರೆಯೇ ಕಥೆ ಹೇಳಿತು. ನಮ್ಮ ಕಡೆ ಆ ದಿನಗಳಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಬುಶ್‌ಗೂ ನಳಿಗೆಗೂ ನಡುವಿನ ಕೂದಲೆಳೆ ಸಂದಿಗೆ ತೇವ ಸೇರಿದರೆ ಬಟ್ಟೆ ಹಾಕಿ ಒರೆಸಿ ತೆಗೆಯಲಾಗುವುದಿಲ್ಲ. ಹದಿನೈದು ದಿನ ಬಿಟ್ಟು ತೆಗೆದಾಗ ನಳಿಗೆಯ ತುದಿಯಲ್ಲಿ ಉಂಗುರದಂತೆ ಕೆಂಪು ತುಕ್ಕು ಕೂತಿತ್ತು. ಕೈಯಿಂದ ಎಳೆದು ಬಿಟ್ಟ ಸ್ಲೈಡ್ ಪೂರ್ತಿ ಮುಚ್ಚಲಿಲ್ಲ, ಕೊನೆಯ ಎಳ್ಳುಕಾಳಿನಷ್ಟು ದೂರ ಉಳಿದೇಬಿಟ್ಟಿತು. ಸಡಿಲ ಬುಶ್‌ಗೂ ತುಕ್ಕು ಹಿಡಿಯುತ್ತಿತ್ತು, ಆದರೆ ಆ ಪುಡಿಗೆ ಹೋಗಲು ಜಾಗವಿತ್ತು.

ಬೆರಳಿನ ಬುಶ್ ನೋಡಿದ್ದು ನೆಂಟರೊಬ್ಬರ ಪಿಸ್ತೂಲಿನಲ್ಲಿ. ಕೋಲ್ಟ್ ಕಂಪನಿ 1970ರಲ್ಲಿ ಸರಣಿ 70 ಎಂದು ಹೊರತಂದ ಮಾದರಿ. ಇಲ್ಲಿ ಗಟ್ಟಿ ಬಳೆಯ ಬದಲು ಸ್ಪ್ರಿಂಗ್‌ನಂತೆ ಬಾಗುವ ನಾಲ್ಕು ಬೆರಳುಗಳಿವೆ. ನಳಿಗೆಯ ತುದಿ ಸ್ವಲ್ಪ ದಪ್ಪ. ಸ್ಲೈಡ್ ಮುಚ್ಚಿದಾಗ ಬೆರಳುಗಳು ಆ ದಪ್ಪ ಭಾಗವನ್ನು ಅಪ್ಪಿ ಹಿಡಿಯುತ್ತವೆ, ಹಿಂದೆ ಸರಿದೊಡನೆ ತೆಳು ಭಾಗ ಸಿಕ್ಕಿ ನಳಿಗೆ ಬಿಡುಗಡೆಯಾಗುತ್ತದೆ. ಬಲು ಚಂದದ ಯೋಚನೆ. ಗುರಿ ಬಿಗಿ ಬುಶ್‌ಗೆ ಹತ್ತಿರವೇ ಇತ್ತು. ಆದರೆ ಆ ಬೆರಳುಗಳು ಮುರಿಯುವ ದೂರು ಹಳೆಯದು, ಕೋಲ್ಟ್ ಕಂಪನಿಯೇ ಮುಂದೆ ಗಟ್ಟಿ ಬುಶ್‌ಗೆ ಮರಳಿತು. ಮುರಿದ ಉಕ್ಕಿನ ಚೂರು ನಳಿಗೆಯ ಪಕ್ಕದಲ್ಲಿ ಸಿಕ್ಕಿಕೊಂಡರೆ ಪಿಸ್ತೂಲು ನಿಂತಲ್ಲೇ ನಿಲ್ಲುತ್ತದೆ. ನಾನು ಇದನ್ನು ಆಯ್ದುಕೊಳ್ಳಲಾರೆ.

ಸೇನೆಯಲ್ಲಿ ನನ್ನ ಸೊಂಟದಲ್ಲಿದ್ದ 9 ಎಂ.ಎಂ. 1ಎ ಪಿಸ್ತೂಲನ್ನು ಇವುಗಳ ಪಕ್ಕದಲ್ಲಿಟ್ಟು ನೋಡುವುದು ಅನಿವಾರ್ಯ. ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ ಅದು ಬ್ರೌನಿಂಗ್ ಹೈ ಪವರ್‌ನ ಭಾರತೀಯ ರೂಪ. ಅದರಲ್ಲಿ ಕಳಚಿ ಕೈಗೆ ಬರುವ ಬುಶ್ ಇಲ್ಲ, ಲಿಂಕ್ ಕೂಡ ಇಲ್ಲ. 1926ರಲ್ಲಿ ಬ್ರೌನಿಂಗ್ ತೀರಿಕೊಂಡ ಮೇಲೆ ಬೆಲ್ಜಿಯಂನ ದ್ಯೂದೊನೆ ಸೇವ್ ಪೂರ್ಣಗೊಳಿಸಿದ ವಿನ್ಯಾಸ. ಸ್ವಚ್ಛ ಮಾಡುವುದು ಎಷ್ಟು ಸುಲಭವೆಂದರೆ, ಈಶಾನ್ಯದ ಮಳೆಯಲ್ಲೂ ಅದರ ಬಗ್ಗೆ ನಾನು ಚಿಂತಿಸಿದ್ದಿಲ್ಲ. ತೊಂದರೆ ಒಂದೇ: ಸ್ಲೈಡ್‌ನ ಮುಂತುದಿಯಲ್ಲಿ ನಳಿಗೆ ಹಾದುಬರುವ ತೂತು ಸವೆದರೆ ಕೋಲ್ಟ್‌ನಲ್ಲಿ ಮಾಡುವಂತೆ ಹೊಸ ಬಳೆ ಹಾಕಿ ಮುಗಿಸಲಾಗುವುದಿಲ್ಲ.

ಕೊನೆಗೆ ನನ್ನ ಕೋಲ್ಟ್‌ಗೆ ಅದೇ ದುರಸ್ತಿಗಾರರಿಂದ ಇನ್ನೊಂದು ಗಟ್ಟಿ ಬುಶ್ ಹಾಕಿಸಿದೆ. ಹೊರಗಡೆ, ಸ್ಲೈಡ್‌ಗೆ ತಾಗುವಲ್ಲಿ, ಅದು ಬಿಗಿ. ಒಳಗಡೆ ನಳಿಗೆಗೆ ತುಸು ಬಿಡುವು ಇದೆ. ಈ ಎರಡು ಅಳತೆ ಬೇರೆ ಬೇರೆ ಎಂಬುದು ನನಗೆ ತಡವಾಗಿ ಹೊಳೆಯಿತು. ಹಳೆಯ ಬುಶ್ ಗಲಗಲ ಎನ್ನುತ್ತಿದ್ದುದು ಹೆಚ್ಚಾಗಿ ಸ್ಲೈಡ್‌ನ ಕಡೆಯಿಂದ. ಈಗ ಗುರಿ ಒಂದೂವರೆ ಅಂಗೈ ಅಗಲ, ಸ್ಲೈಡ್ ಮಳೆಗಾಲದಲ್ಲೂ ಪೂರ್ತಿ ಮುಚ್ಚುತ್ತದೆ. ಚುನಾವಣೆ ಬಂದು ಪಿಸ್ತೂಲನ್ನು ಠಾಣೆಗೆ ಒಪ್ಪಿಸುವ ಮುನ್ನ ಬುಶ್ ಕಳಚಿ, ಆ ಉಂಗುರದ ಜಾಗಕ್ಕೆ ಎಣ್ಣೆ ಸವರಿ, ಮತ್ತೆ ಕೂರಿಸುತ್ತೇನೆ. ಬಿಗಿ ಬುಶ್ ಎಣ್ಣೆ ಕಾಗದದಲ್ಲಿ ಸುತ್ತಿಕೊಂಡು ಡಬ್ಬಿಯಲ್ಲಿದೆ, ಮಾಘದ ಒಣ ಹವೆಯಲ್ಲಿ ಮೈದಾನಕ್ಕೆ ಹೋಗುವಾಗ ಅದನ್ನು ಹೊರತೆಗೆಯುತ್ತೇನೆ.