ಹೇಜಲ್‌ನಟ್ ಗಿಡ ಅಂತ ಯಾರಾದರೂ ಬಂದರೆ ದುಡ್ಡು ಬಿಚ್ಚಬೇಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ರೈತರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ನನ್ನ 84 ಸಾವಿರ ರೂಪಾಯಿ ಹೋಗಿದೆ.

ನಮ್ಮದು ಆಳಂದ ತಾಲ್ಲೂಕು. 2022ರಲ್ಲಿ ನೆಟೆ ರೋಗಕ್ಕೆ ತೊಗರಿ ನಿಂತಲ್ಲೇ ಒಣಗಿತು, ನಿಮಗೆಲ್ಲ ಗೊತ್ತೇ ಇದೆ. ಆಮೇಲೆ ಯಾರು ಏನು ಹೇಳಿದರೂ ಕಿವಿ ಕೊಡೋ ಹಾಗಾಗಿತ್ತು ನನಗೆ. ಕಲಬುರಗಿ ಜಾತ್ರೆ ಹೊತ್ತಿಗೆ ಒಬ್ಬ ಕೆಂಪು ಬ್ಯಾನರ್ ಕಟ್ಟಿ ಕೂತಿದ್ದ. 'ಹೈಬ್ರಿಡ್ ಹೇಜಲ್‌ನಟ್, ಒಮ್ಮೆ ನೆಡಿ, 40 ವರ್ಷ ಕಾಯಿ.' ಬಾದಾಮಿ ಥರ ತಿನ್ನೋ ವಿದೇಶಿ ಕಾಯಿ ಅದು. ಹುರಿದ ಕಾಯಿ ಕೈಗೆ ಹಾಕಿದ. ತಿಂದೆ. ರುಚಿ ಇತ್ತು.

ಗಿಡಕ್ಕೆ 280 ರೂಪಾಯಿ, ಎಕರೆಗೆ 300 ಗಿಡ. ಕಾಯಿ ನಾವೇ ಕೊಳ್ಳುತ್ತೇವೆ ಅಂತ ಬಾಂಡ್ ಪೇಪರ್ ಬೇರೆ. ಬಿಲ್ ಕೇಳಿದೆ. "ಬಿಲ್ ಹಾಕಿದ್ರ ಟ್ಯಾಕ್ಸ್ ನಿಮಗೇ ಬೀಳ್ತದ ಅಣ್ಣಾರೆ" ಅಂದ. ನಾನೂ ಸುಮ್ನಾದೆ. ದಡ್ಡ ನಾನು.

ಜೂನ್‌ನಲ್ಲಿ ನೆಟ್ಟೆ. ಗಿಡ ಏನು ಬೆಳೆದವು ಅಂತೀರಿ! ದಿನಾ ಫೋಟೊ ತೆಗೆದು ಸ್ಟೇಟಸ್ ಹಾಕಿದೆ. ಪಕ್ಕದೂರಿನವರೂ ಬಂದು ನೋಡಿ ಹೋದರು.

ದೀಪಾವಳಿಗೆ ಅಕ್ಕನ ಅಳಿಯ ಬಂದ. ಚಿಂತಾಮಣಿಯಲ್ಲಿ ನೌಕರಿ ಅವನದು. ಹೊಲ ತೋರಿಸೋಕೆ ಕರೆದೊಯ್ದೆ. ಒಂದು ಎಲೆ ಕಿತ್ತ. ತೊಟ್ಟಿನ ತುದಿಯಲ್ಲಿ ಬಿಳಿ ಹಾಲು ಜಿನುಗಿತು. "ಮಾವಾರೆ, ಇದು ಹಿಪ್ಪುನೇರಳೆ ಅಲ್ರೀ? ರೇಷ್ಮೆ ಹುಳಕ್ಕ ಹಾಕೋ ಸೊಪ್ಪು" ಅಂತ ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. ನಾನು ಇನ್ನೊಂದು ಗಿಡದ ಎಲೆ ಕಿತ್ತೆ. ಹಾಲು. ಮತ್ತೊಂದು. ಹಾಲು. ಕೊನೆ ಸಾಲಿನವರೆಗೂ ಕೀಳುತ್ತಾ ಹೋದೆ. ಕೈಯೆಲ್ಲ ಅಂಟಂಟು.

ಅಲ್ಲಿಂದಲೇ ಗಿಡ ಮಾರಿದವನಿಗೆ ಫೋನ್ ಮಾಡಿದೆ. "ಹೈಬ್ರಿಡ್ ಅದ ಅಣ್ಣಾರೆ, ಹಾಲು ಬರೋದು ಛಲೋನೇ, ಕಾಯಾಗ ಎಣ್ಣಿ ಜಾಸ್ತಿ ಆಗ್ತದ" ಅಂದ. ಮರುದಿನ ಕೇಳಿದರೆ "ನಾವು ಕೊಟ್ಟ ಗಿಡ ಅವಲ್ಲ, ನೀವೇ ಬದಲಿ ಮಾಡೀರಿ". ಮುನ್ನೂರು ಗಿಡ ನಾನು ಬದಲಿ ಮಾಡಿದೆನಂತೆ! ಮೂರನೇ ಸಲ ಜೋರು ಮಾಡಿದಾಗ ಏನಂದ ಗೊತ್ತಾ? "ಹಂಗಾದ್ರ ರೇಷ್ಮಿ ಮಾಡ್ರಿ, ಅದ್ರಾಗೂ ಲಾಭ ಅದ." ಈ ಮಾತು ಇವತ್ತಿಗೂ ಚುಚ್ಚುತ್ತದೆ. ಆಮೇಲೆ ಬ್ಲಾಕ್.

ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆ. ಮೊದಲೇ ಹೋಗಬೇಕಿತ್ತು, ಹೋಗಲಿಲ್ಲ. ಹೈಬ್ರಿಡ್ ಹೇಜಲ್ ಇರೋದು ನಿಜವಂತೆ. ಅಮೆರಿಕದ ವಿಸ್ಕಾನ್ಸಿನ್, ಮಿನ್ನೆಸೋಟ ಕಡೆ, ಹಿಮ ಬೀಳೋ ಜಾಗದಲ್ಲಿ. ಅಲ್ಲಿನ ಕಾಡು ಪೊದೆಗೆ ಯುರೋಪಿನ ದಪ್ಪ ಕಾಯಿಯ ಜಾತಿ ಕೂಡಿಸಿ ಮಾಡಿದ್ದು. ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಥಂಡಿ ನೂರಾರು ಗಂಟೆ ಸಿಗಬೇಕು. ನಮ್ಮಲ್ಲಿ ಎಲ್ಲಿದೆ ಅಂಥ ಥಂಡಿ? ಮೇ ತಿಂಗಳಲ್ಲಿ 42 ದಾಟುತ್ತದೆ. ಒಂದೇ ತಳಿ ನೆಟ್ಟರೆ ಕಾಯಿಯೂ ಕಟ್ಟಲ್ಲ, ಬೇರೆ ತಳಿಯ ಪರಾಗ ಗಾಳಿಯಲ್ಲಿ ಬಂದು ಬೀಳಬೇಕು. ನಮ್ಮ ದೇಶದಲ್ಲಿ ಕಾಶ್ಮೀರ, ಹಿಮಾಚಲದ ಕಾಡಲ್ಲಿ ಇದರ ಜಾತಿಯ ಮರ ಇದೆ, ಹಿಮಾಚಲದಲ್ಲಿ ಥಾಂಗಿ ಅಂತಾರೆ. ಅಂದರೆ ಅವನು ಅಸಲಿ ಗಿಡ ಕೊಟ್ಟಿದ್ದರೂ ನನ್ನ ದುಡ್ಡು ಮಣ್ಣುಪಾಲೇ.

ಬಿಲ್ ಇಲ್ಲದೆ ಸಸಿ ತಗೋಬೇಡಿ. ಕಾಯಿ ತಿನ್ನಿಸಿದರೆ ತಿಂದು ಎದ್ದು ಬನ್ನಿ. ಎಲೆ ಕಿತ್ತು ನೋಡಿ, ಹೇಜಲ್ ಎಲೆಯಲ್ಲಿ ಹಾಲು ಬರಲ್ಲ. ಬಾಂಡ್ ಪೇಪರ್ ನನ್ನ ಹತ್ತಿರ ಇನ್ನೂ ಇದೆ, ಅದರಲ್ಲಿರೋ ವಿಳಾಸಕ್ಕೆ ಹೋದರೆ ಮೊಬೈಲ್ ರಿಪೇರಿ ಅಂಗಡಿ. ಗಿಡಗಳನ್ನು ಈಗ ಆಡು ಮೇಯುತ್ತಿವೆ.

ಮೊನ್ನೆ ಹುಮನಾಬಾದ್ ಕಡೆಯ ಬೀಗರು ಫೋನ್ ಮಾಡಿದ್ದರು. ಅದೇ ಕೆಂಪು ಬ್ಯಾನರ್, ಈ ಸಲ ಮೆಕಡೇಮಿಯಾ ಅನ್ನೋ ಇನ್ನೊಂದು ವಿದೇಶಿ ಕಾಯಿ ಅಂತೆ. ಮುಂಗಡ ಕೊಡಬೇಡ್ರಿ ಅಂದೆ. ನಿನ್ನೆನೇ ಕೊಟ್ಟೀವಿ ಅಂದರು.