ಮಂಡಿಯನ್ನು ನೋಡದೆ ಮಂಡಿಗೆ ವ್ಯಾಯಾಮ ಹೇಳುವವರಿಗೆ ದುಡ್ಡು ಕಟ್ಟಬೇಡಿ

ನಮ್ಮದು ಸೋಮವಾರಪೇಟೆ ತಾಲ್ಲೂಕು, ಮಾದಾಪುರದಿಂದ ಇನ್ನೂ ಒಳಗೆ. ಅವ್ವನಿಗೆ 61 ವರ್ಷ. ಇಳಿಜಾರಿನ ತೋಟದಲ್ಲಿ ಕಾಫಿ ಕುಯ್ದು, ಮೂಟೆ ಹೊತ್ತು ಹತ್ತಿ ಇಳಿದ ಕಾಲು ಅವಳದು. ಹೋದ ಮಳೆಗಾಲದಲ್ಲಿ ಅವಳ ಮಂಡಿನೋವಿಗೆ ಅಂತ ನಾನು ಮೊಬೈಲಿನಲ್ಲೇ ಫಿಸಿಯೋಥೆರಪಿ ಕೊಡುವ ಒಂದು ಕಂಪನಿಗೆ 18,500 ರೂಪಾಯಿ ಕಟ್ಟಿದೆ. ದುಡ್ಡು ಹೋದದ್ದಕ್ಕಿಂತ ಮೂರು ತಿಂಗಳು ಹೋದದ್ದು ನನಗೆ ಹೆಚ್ಚು ಸಂಕಟ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮಂಥವರು ಇದಕ್ಕೆ ಯಾಕೆ ಬೀಳುತ್ತೇವೆ ಅನ್ನುವುದು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಫಿಸಿಯೋ ಹತ್ತಿರ ಹೋಗಬೇಕೆಂದರೆ ಮಡಿಕೇರಿ, ಇಲ್ಲ ಕುಶಾಲನಗರ. ಜುಲೈ ಮಳೆಯಲ್ಲಿ ರಸ್ತೆವರೆಗೆ ಕೆಸರಲ್ಲಿ ನಡೆದು, ಬಸ್ಸು ಹತ್ತಿ ಇಳಿದು ಬಂದರೆ ಅವ್ವ ಎರಡು ದಿನ ಏಳುತ್ತಿರಲಿಲ್ಲ. ಅಂಥಾದ್ದರಲ್ಲಿ ‘ಮನೆಯಲ್ಲೇ ಕೂತು ಗುಣವಾಗಿ’ ಅಂತ ಜಾಹೀರಾತು ಬಂತು. ನಂಬರ್ ಹಾಕಿದ ಒಂದು ಗಂಟೆಯೊಳಗೆ ಫೋನ್. ಮಾತಾಡಿದವಳು ತನ್ನನ್ನು ಹೆಲ್ತ್ ಕೋಚ್ ಅಂದಳು. ಅದು ಫಿಸಿಯೋಥೆರಪಿಸ್ಟ್ ಅಲ್ಲ ಅನ್ನುವುದು ನನಗೆ ಆಗ ಹೊಳೆಯಲಿಲ್ಲ. ಇಪ್ಪತ್ನಾಲ್ಕು ಸೆಷನ್, ಈ ಬೆಲೆ ಇವತ್ತು ರಾತ್ರಿವರೆಗೆ ಮಾತ್ರ, ಕೈಯಲ್ಲಿ ದುಡ್ಡಿಲ್ಲದಿದ್ದರೆ ಆರು ಕಂತು. ನಾನು ಕಂತಿಗೆ ಒಪ್ಪಿದೆ.

ಪರೀಕ್ಷೆ ಅಂತ ಅವರು ಮಾಡಿದ್ದು ಹನ್ನೆರಡು ಪ್ರಶ್ನೆ. ನೋವು ಒಂದರಿಂದ ಹತ್ತರಲ್ಲಿ ಎಷ್ಟು, ಮೆಟ್ಟಿಲು ಹತ್ತಲು ಆಗುತ್ತದಾ, ಇಂಥವು. ಉತ್ತರ ಒತ್ತಿದ ಕೂಡಲೇ ‘ಮಂಡಿ ಸವೆತ’ ಅಂತ ಪರದೆ ಮೇಲೆ ಬಂತು. ಒಬ್ಬರೂ ಕ್ಯಾಮೆರಾದಲ್ಲಿ ಮಂಡಿ ತೋರಿಸಿ ಅನ್ನಲಿಲ್ಲ. ಹಳೇ ರಿಪೋರ್ಟ್ ಕೇಳಲಿಲ್ಲ. ಅವ್ವನ ಎರಡೂ ಕೈ ಬೆರಳು ಊದಿಕೊಂಡು ಉಂಗುರ ತೆಗೆಯಲು ಸೋಪು ಹಚ್ಚಬೇಕಾಯಿತು ಅಂತ ನಾನಾಗೇ ಹೇಳಿದೆ. ವಯಸ್ಸಾದ ಮೇಲೆ ಅದೆಲ್ಲ ಇದ್ದದ್ದೇ ಅಂದರು.

ಮೊದಲ ಎರಡು ವಾರ ಲೈವ್ ಕ್ಲಾಸ್ ಇತ್ತು, ಆದರೆ ನಲವತ್ತು ಜನಕ್ಕೆ ಒಬ್ಬರು. ಆಮೇಲೆ ಬರೀ ರೆಕಾರ್ಡ್ ಮಾಡಿದ ವಿಡಿಯೋ. ಬಸ್ಕಿ ಹೊಡೆಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ. ಮಂಡಿ ಮುಟ್ಟಿದರೆ ಬಿಸಿ, ಊತ ಬೇರೆ. ಮೆಸೇಜ್ ಮಾಡಿದೆ. ‘ನೋವು ಬಂದರೆ ಸ್ನಾಯು ಬಲವಾಗುತ್ತಿದೆ ಅಂತ ಅರ್ಥ, ನಿಲ್ಲಿಸಬೇಡಿ’ ಅಂತ ಉತ್ತರ ಬಂತು. ಅದನ್ನು ನಂಬಿ ಮಾಡು ಮಾಡು ಅಂತ ಅವ್ವನ ಹಿಂದೆ ಬಿದ್ದವಳು ನಾನೇ. ಆಮೇಲೊಂದು ದಿನ ಅವಳೇ ಹೇಳಿದಳು, “ನೀನು ಕಟ್ಟಿದ ದುಡ್ಡು ದಂಡ ಆಗ್ತದಲ್ಲ ಮಗಾ, ಅದಕ್ಕೇ ಹಲ್ಲು ಕಚ್ಚಿ ಮಾಡಿದೆ” ಅಂತ. ಆ ಮಾತು ನನ್ನ ಮನಸ್ಸಿಂದ ಇನ್ನೂ ಹೋಗಿಲ್ಲ.

ನಡುವೆ ಮರ ಬಿದ್ದು ಐದು ದಿನ ಕರೆಂಟಿಲ್ಲ, ಟವರೂ ಇಲ್ಲ. ಆ ದಿನಗಳ ಸೆಷನ್ನೂ ಲೆಕ್ಕದಿಂದ ಹೋಯಿತು.

ಕೊನೆಗೆ ಅವ್ವನಿಗೆ ಲೋಟ ಹಿಡಿಯುವುದೂ ಕಷ್ಟವಾದಾಗ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಮಂಡಿಗಿಂತ ಮೊದಲು ಕೈ ನೋಡಿದರು. ಬೆರಳಿನ ಬುಡದ ಗಂಟುಗಳನ್ನು ಒಂದೊಂದಾಗಿ ಒತ್ತಿ, “ಬೆಳಿಗ್ಗೆ ಎದ್ದಾಗ ಈ ಬಿಗಿತ ಎಷ್ಟು ಹೊತ್ತು ಇರ್ತದೆ ಅಮ್ಮಾ?” ಅಂತ ಕೇಳಿದರು. “ಸೊಸೆ ದನಕ್ಕೆ ಹುಲ್ಲು ಹಾಕಿ, ತಿಂಡಿ ಮಾಡಿ ಮುಗಿಸೋವರೆಗೂ ಇರ್ತದೆ” ಅಂದಳು ಅವ್ವ. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದಂತೆ. ಗಂಟೆಗೂ ಹೆಚ್ಚು ಇದ್ದು, ಎರಡೂ ಕಡೆಯ ಸಣ್ಣ ಗಂಟುಗಳು ಒಟ್ಟಿಗೆ ಊದಿದರೆ ರುಮಟಾಯ್ಡ್ ಸಂಧಿವಾತ ಇರಬಹುದು ಅಂತ ನೋಡಬೇಕು. ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಇಎಸ್‌ಆರ್ ರಕ್ತಪರೀಕ್ಷೆ ಬರೆದರು. ಅದೇ ಕಾಯಿಲೆ. ಇದರಲ್ಲಿ ದೇಹ ತನ್ನ ಕೀಲನ್ನೇ ತಿನ್ನುತ್ತದೆ, ಔಷಧಿ ಬೇಗ ಶುರುವಾದಷ್ಟೂ ಕೀಲು ಉಳಿಯುತ್ತದೆ. ನಾನು ಕಳೆದುಕೊಂಡ ಮೂರು ತಿಂಗಳು ಅದೇ ಹೊತ್ತು.

ಮೈಸೂರಿನಲ್ಲಿ ಸಂಧಿವಾತದ ತಜ್ಞರು ಮೆಥೊಟ್ರೆಕ್ಸೇಟ್ ಕೊಟ್ಟಿದ್ದಾರೆ. ವಾರಕ್ಕೆ ಒಂದೇ ದಿನ ತಗೊಳ್ಳುವ ಮಾತ್ರೆ ಅದು. ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ಅದಕ್ಕೆ ನಾವು ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಗುರುತು ಹಾಕಿದ್ದೇವೆ. ನಿಮ್ಮ ಮನೆಯಲ್ಲೂ ಯಾರಾದರೂ ತಗೊಳ್ಳುತ್ತಿದ್ದರೆ ಹೀಗೆ ಮಾಡಿ.

ದೂರದಿಂದ ಕೊಡುವ ಫಿಸಿಯೋಥೆರಪಿಯೇ ಮೋಸ ಅಂತ ದಯವಿಟ್ಟು ತಿಳಿಯಬೇಡಿ. ಈಗಲೂ ಅವ್ವ ವ್ಯಾಯಾಮ ಮಾಡುವುದು ವಿಡಿಯೋ ಕಾಲಿನಲ್ಲೇ. ಕುಶಾಲನಗರದ ಒಬ್ಬ ಫಿಸಿಯೋ ಮೊದಲ ಸಲ ಕೈಯಿಂದ ಮುಟ್ಟಿ, ನಡೆಸಿ ನೋಡಿದರು. ಈಗ ಹದಿನೈದು ದಿನಕ್ಕೊಮ್ಮೆ ಕಾಲ್ ಮಾಡುತ್ತಾರೆ. ಫೋನನ್ನು ಗಿಡ್ಡ ಸ್ಟೂಲಿನ ಮೇಲೆ ಇಡಿಸಿ, ಅವ್ವನನ್ನು ಪಕ್ಕಕ್ಕೆ ತಿರುಗಿಸಿ ಮಂಡಿ ಎಷ್ಟು ಮಡಚುತ್ತದೆ ಅಂತ ನೋಡುತ್ತಾರೆ. ಊತ ಇದ್ದ ವಾರ ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು ತೊಡೆ ಬಿಗಿ ಹಿಡಿದು ಬಿಡುವುದಷ್ಟೇ. ಇಳಿದ ಮೇಲೆ ಕುರ್ಚಿಯಿಂದ ಎದ್ದು ಕೂರುವುದು. ವ್ಯಾಯಾಮದ ನೋವು ಮಾರನೇ ಬೆಳಿಗ್ಗೆಗೂ ಹೆಚ್ಚಿದ್ದರೆ ಕಡಿಮೆ ಮಾಡಬೇಕು ಅಂದಿದ್ದಾರೆ. ನೆಟ್ ಹೋದರೆ ಮಾಮೂಲಿ ಕರೆಯಲ್ಲೇ ಮಾತು ಮುಂದುವರಿಯುತ್ತದೆ.

ಅದಕ್ಕೆ ದುಡ್ಡು ಕಟ್ಟುವ ಮೊದಲು ಕೇಳಿ: ನೋಡುವವರ ಹೆಸರೇನು, ಬಿಪಿಟಿ (ಫಿಸಿಯೋಥೆರಪಿ ಪದವಿ) ಓದಿದ್ದಾರಾ, ಪ್ರತಿ ಸಲ ಅವರೇ ಬರುತ್ತಾರಾ, ನೋವು ಹೆಚ್ಚಾದರೆ ಯಾರಿಗೆ ಫೋನ್ ಮಾಡಬೇಕು. ಉತ್ತರ ತಡವರಿಸಿದರೆ ಬಿಟ್ಟುಬಿಡಿ. ಕೀಲು ಕೆಂಪಾಗಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ ಯಾವ ವಿಡಿಯೋವನ್ನೂ ಕಾಯದೆ ಆಸ್ಪತ್ರೆಗೆ ಓಡಿ. ಬರೀ ಡಾಕ್ಟರ ಸಲಹೆ ಬೇಕಿದ್ದರೆ ಫೋನಿನಲ್ಲೇ ಡಾಕ್ಟರನ್ನು ಕಾಣುವ ಸರ್ಕಾರದ ಇ-ಸಂಜೀವಿನಿ ಸೇವೆ ಉಚಿತ.

ದುಡ್ಡು ವಾಪಸ್ ಕೇಳಿದಾಗ ಕಂಪನಿಯವರು ನಿಬಂಧನೆಯ ಒಂದು ಸಾಲು ತೋರಿಸಿದರು: ಇದು ಸ್ವಾಸ್ಥ್ಯ ಕಾರ್ಯಕ್ರಮ, ವೈದ್ಯಕೀಯ ಚಿಕಿತ್ಸೆಯಲ್ಲ. ಕಂತು ಅಂದದ್ದು ಬೇರೊಂದು ಹಣಕಾಸು ಸಂಸ್ಥೆ ನನ್ನ ಹೆಸರಲ್ಲಿ ಕೊಟ್ಟ ಸಾಲ. ಆಟೋಪೇ ನಿಲ್ಲಿಸಿದರೆ ಸಾಲ ತೀರುವುದಿಲ್ಲ, ಮುಂದೆ ಸಾಲ ಕೊಡುವವರು ನೋಡುವ ಸಿಬಿಲ್ ಅಂಕ ಮಾತ್ರ ಇಳಿಯುತ್ತದೆ. ಸಾಲ ಕೊಟ್ಟವರಿಗೂ ಬರವಣಿಗೆಯಲ್ಲಿ ದೂರು ಕೊಡಬೇಕು. ಆರ್‌ಬಿಐನ ಡಿಜಿಟಲ್ ಸಾಲದ ನಿಯಮದಲ್ಲಿ ಶುರುವಿನ ದಿನಗಳಲ್ಲೇ ದಂಡವಿಲ್ಲದೆ ಸಾಲದಿಂದ ಹೊರಬರುವ ಅವಕಾಶ ಇದೆ. ನನಗೆ ಗೊತ್ತಾಗುವಾಗ ಅದು ಮುಗಿದಿತ್ತು.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಗೆಹರಿಯದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಪ್ರಕಾರ ನಾವು ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, ಕಟ್ಟಿದ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ನಿಮಗೂ ಹೀಗೆ ಆಗಿದ್ದರೆ ಆ್ಯಪ್ ತೆಗೆಯುವ ಮೊದಲು ಚಾಟ್‌ನ ಸ್ಕ್ರೀನ್‌ಶಾಟ್ ಎಲ್ಲಾ ತೆಗೆದಿಟ್ಟುಕೊಳ್ಳಿ. ನಾನು ರದ್ದು ಮಾಡಿದ ದಿನವೇ ನನ್ನ ಖಾತೆ ಮುಚ್ಚಿಹೋಯಿತು. ‘ನಿಲ್ಲಿಸಬೇಡಿ’ ಅಂದ ಆ ಮೆಸೇಜ್ ಉಳಿದಿರುವುದು ಅಣ್ಣನಿಗೆ ಅವತ್ತು ಕಳಿಸಿದ್ದ ಒಂದು ಫೋಟೋದಲ್ಲಿ ಮಾತ್ರ.