"ಸರ್ವರ್ ಬಿಜಿ" ಅಂದ್ರೆ ಹುಷಾರು

ಬರೆಯೋಕೇ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ಚಳ್ಳಕೆರೆ ಕಡೆ ನಮ್ಮಮ್ಮನ ಹಾಗೆ ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯುವವರು ಮನೆಗೊಬ್ಬರಿದ್ದಾರೆ.

ಗೃಹಲಕ್ಷ್ಮಿಯ ಎರಡು ಕಂತು ಒಟ್ಟಿಗೆ ಬಿದ್ದಿತ್ತು, 4,000 ರೂಪಾಯಿ. ಬ್ಯಾಂಕ್ ದೂರ, ಬಸ್ಸೂ ಹೊತ್ತಿಗೆ ಬರಲ್ಲ. ಅದಕ್ಕೇ ಊರಿನ ಅಂಗಡಿಗೇ ಹೋದೆವು. ಜೆರಾಕ್ಸ್, ರೀಚಾರ್ಜ್, ಆಧಾರ್ ಮೇಲೆ ದುಡ್ಡು ಕೊಡೋದು, ಎಲ್ಲಾ ಅಲ್ಲೇ. ಅಮ್ಮನಿಗೆ ಬೇಕಿದ್ದದ್ದು 2,000. ಉಳಿದದ್ದು ಶೇಂಗಾ ಬೀಜಕ್ಕೆ ಅಂತ ಖಾತೆಯಲ್ಲೇ ಬಿಡುವ ಲೆಕ್ಕ.

ಶೇಂಗಾ ಸುಲಿದೂ ಸುಲಿದೂ ಅವಳ ಹೆಬ್ಬೆಟ್ಟಿನ ಗೆರೆ ಸವೆದಿವೆ. ರೇಷನ್ ಅಂಗಡಿಯಲ್ಲೂ ನಾಲ್ಕೈದು ಸಲ ಒತ್ತಿಸುತ್ತಾರೆ. ಹಾಗಾಗಿ ಅಂಗಡಿಯವನು "ಸರ್ವರ್ ಬಿಜಿ ಐತಜ್ಜಿ, ಇನ್ನೊಂದ್ಸಲ ಒತ್ತು" ಅಂದಾಗ ಏನೂ ಅನ್ನಿಸಲಿಲ್ಲ.

ನಾನು ಪಕ್ಕದಲ್ಲೇ ಇದ್ದೆ ಕಣ್ರೀ! ಡಿಗ್ರಿ ಮಾಡಿದವಳು, ದಾವಣಗೆರೆಯಲ್ಲಿ ಕೆಲಸದಲ್ಲಿರುವವಳು. ನಾನೇ ಅವಳ ಬೆರಳನ್ನು ಸೆರಗಿನಿಂದ ಒರೆಸಿ ಮೆಷಿನ್ ಮೇಲೆ ಒತ್ತಿ ಹಿಡಿದೆ. ನಾನೇ. ಸ್ಕ್ರೀನ್ ಅವನ ಕಡೆ ತಿರುಗಿತ್ತು. ಐನೂರರ ನಾಲ್ಕು ನೋಟು ಎಣಿಸಿಕೊಟ್ಟ. ರಸೀತಿ ಕೇಳಿದೆ. "ರೋಲ್ ಖಾಲಿ ಅಕ್ಕಾ" ಅಂದ. ಮೇಲೆ 20 ರೂಪಾಯಿ ಅವನ ಚಾರ್ಜು ಬೇರೆ.

ಹತ್ತು ದಿನ ಬಿಟ್ಟು ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಅದೇ ದಿನ 2,000 ಎರಡು ಸಲ ಹೋಗಿದೆ. ಮೆಸೇಜ್ ಬರುತ್ತಿತ್ತಲ್ವಾ ಅನ್ನಬೇಡಿ, ಖಾತೆಯಲ್ಲಿದ್ದ ನಂಬರ್ ಯಾವತ್ತೋ ಬಂದ್ ಆದ ಸಿಮ್ಮಿನದು.

ಹೋಗಿ ಕೇಳಿದೆ. ಮೊದಲು "ನಾನೇನ್ ಕದ್ನಾ ಅಕ್ಕಾ? ಸರ್ವರ್ ಮಾಡಿದ್ಕೆ ನಾನೇನ್ ಮಾಡ್ಲಿ?" ಆಮೇಲೆ "ಐದು ದಿನದಾಗೆ ವಾಪಸ್ ಬೀಳತ್ತೆ." ಹತ್ತು ದಿನ ಆಯ್ತಲ್ಲಪ್ಪಾ ಅಂದೆ. ಆಗ ಬಂತು ನೋಡಿ: "ಅಜ್ಜೀನೇ ಸಾಯಂಕಾಲ ಬಂದು ತಗಂಡು ಮರ್ತಿರ್ಬೇಕು." ಅಮ್ಮನ ಎದುರಿಗೇ! ಅವಳು ನನ್ನ ಮುಖ ನೋಡಿ ಮೆಲ್ಲಗೆ, "ನಾನೇ ಏನಾರ ತಗಂಡ್ನೇನವ್ವಾ?" ಅಂದಳು. ದುಡ್ಡಿಗಿಂತ ಅದೇ ಜಾಸ್ತಿ ಉರಿಯಿತು.

ಬ್ಯಾಂಕಿನವರದ್ದು ಇನ್ನೊಂದು. "ವ್ಯವಹಾರ ಸಕ್ಸಸ್ ಅಂತ ಇದೆ. ಬೆರಳು ಅವರದ್ದೇ ಅಲ್ವಾ ಮೇಡಂ?" ಫೇಲ್ ಆಗಿದ್ದರೆ ತಾನಾಗೇ ವಾಪಸ್ ಬರುತ್ತಿತ್ತಂತೆ. ಫೇಲ್ ಆಗಿಯೇ ಇರಲಿಲ್ಲ! ಮೊದಲನೇ ಸಲವೇ ದುಡ್ಡು ಹೋಗಿತ್ತು, ಎರಡನೇ ಸಲ ಮತ್ತೆ 2,000 ಹೊಡೆದಿದ್ದಾನೆ. ಅರ್ಜಿ ಬರೆದುಕೊಟ್ಟು ಬಂದಿದ್ದೇನೆ, ಇನ್ನೂ ಉತ್ತರ ಇಲ್ಲ. ಮಧ್ಯವರ್ತಿಗಳಿಲ್ಲದೆ ನೇರ ಖಾತೆಗೆ ಅಂತ ಹೇಳುತ್ತಾರಲ್ಲ, ಹಾಗಾದರೆ ಇವನ್ಯಾರು?

ರಸೀತಿ ಕೊಡದವನ ಹತ್ತಿರ ಹೆಬ್ಬೆಟ್ಟು ಒತ್ತಬೇಡಿ. ಎರಡನೇ ಸಲ ಒತ್ತು ಅಂದರೆ ಮೊದಲು ಬ್ಯಾಲೆನ್ಸ್ ತೋರಿಸು ಅನ್ನಿ. ಮೋಸ ಆದರೆ ನನ್ನ ಹಾಗೆ ಹತ್ತು ದಿನ ಬಿಡದೆ ಅವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಧಾರ್ ಆ್ಯಪಿನಲ್ಲಿ ಬೆರಳಚ್ಚು ಲಾಕ್ ಮಾಡಬಹುದು, ಆದರೆ ಲಾಕ್ ಇದ್ದಾಗ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ತಗೊಳ್ಳಲ್ಲ, ತಿಂಗಳು ತಿಂಗಳು ಲಾಕ್ ತೆಗೆದು ಮತ್ತೆ ಹಾಕಬೇಕು. ಅದಕ್ಕೂ ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿರಬೇಕು. ಅಮ್ಮನದ್ದಕ್ಕೆ ಇದ್ದದ್ದು ಅದೇ ಸತ್ತ ಸಿಮ್ಮು. ಅದನ್ನು ಬದಲಾಯಿಸೋಕೆ ಅಂತ ಚಳ್ಳಕೆರೆಗೆ ಹೋಗಿ ಅವಳ ಒಂದು ದಿನದ ಕೂಲಿಯೂ ಹೋಯಿತು.